ಮೂರು ಊರಲ್ಲಿ ಒಂದು ಜಾವಾ

ತರೀಕೆರೆ
8 ಸೆಪ್ಟೆಂಬರ್ 2024

ತನುಜಾ,

ನೀನೂ ಮೊಮ್ಮಗಳು ಅಮೂಲ್ಯಾಳೂ ಚೆನ್ನಾಗಿದ್ದೀರೆಂದು ನಿಮ್ಮತ್ತೆ ಹೇಳಿದಳು. ಭಾನುವಾರ ನೀನು ಫೋನಿನಲ್ಲಿ ಮಾತಾಡುವಾಗ ನಾನೂ ಪಕ್ಕದಲ್ಲೇ ಕೂತಿರುತ್ತೇನೆ. ಆದರೆ ನನ್ನ ಕಿವಿಗೆ ಅದು ತಗಡಿನ ಮೇಲೆ ಕಲ್ಲುಪುಡಿ ಸುರಿದ ಹಾಗೆ ಕೇಳುತ್ತದೆ, ಮಾತಾಗಿ ಕೇಳುವುದಿಲ್ಲ. ಎಡಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಮಾತ್ರ ಅರ್ಥವಾಗುತ್ತದೆ. ಮೊಬೈಲಿನ ಅಕ್ಷರ ಒತ್ತುವುದಕ್ಕೆ ನನ್ನ ಬೆರಳು ದಪ್ಪ. ಅದಕ್ಕೇ ಈ ಕಾಗದ.

ವಿಷಯ ನಮ್ಮ ಪ್ರಸನ್ನನ ಜಾವಾ ಬೈಕಿನದು. ಅವನು ಅಮೃತಾಪುರದಿಂದ ಎಪ್ಪತ್ತೆರಡನೇ ಇಸವಿಯ ಆ ಗಾಡಿ ತಂದಾಗ ಸೀಟಿನ ತುಂಬ ಕೋಳಿಪುಕ್ಕ ಇತ್ತೆಂದು ನೀನು ನಕ್ಕಿದ್ದೆ. ಹೊಸದರ ಹಾಗೆ ಮಾಡುತ್ತೇನೆಂದು ಅವನು ಅದನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನು ಒಬ್ಬೊಬ್ಬ ಕೆಲಸಗಾರನಿಗೆ ಕೊಟ್ಟಿದ್ದ. ಆಮೇಲೆ ಕೋವಿಡ್ ಬಂತು, ಅವನೇ ಹೋದ. ಗಾಡಿಯ ಸಾಮಾನು ಎಲ್ಲಿತ್ತೋ ಅಲ್ಲೇ ಉಳಿಯಿತು. ಈ ಯುಗಾದಿಯಿಂದ ನಾನು ಓಡಾಡಿ ಕೆಲಸ ಮುಂದುವರಿಸುತ್ತಿದ್ದೇನೆ. ನಿನಗೆ ಹೇಳಿರಲಿಲ್ಲ.

ಹೋದ ವಾರ ಬಿ.ಎಚ್. ರಸ್ತೆಯಲ್ಲಿ ಹಾಸಿಗೆ ಅಂಗಡಿಗೆ ಬೆಂಕಿ ಬಿತ್ತು. ಪಕ್ಕದ್ದೇ ಹೊನ್ನಯ್ಯನ ಪೇಂಟಿಂಗ್ ಶೆಡ್ಡು. ಜಾವಾದ ಚಾಸಿ ಬಣ್ಣಕ್ಕೆಂದು ಅಲ್ಲೇ ಇತ್ತು. ನಾನು ಓಡಿಹೋಗಿ ನೋಡುವ ಹೊತ್ತಿಗೆ ಹೊನ್ನಯ್ಯ ಅದನ್ನು ರಸ್ತೆಗೆ ಎಳೆದುಹಾಕಿದ್ದ. ಮೈಯೆಲ್ಲ ಮಸಿ, ಬೇರೇನೂ ಆಗಿರಲಿಲ್ಲ. ಆದರೆ ಅವತ್ತಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಊಟಕ್ಕೆ ಕೂತರೆ ಅಜ್ಜಂಪುರದಲ್ಲಿರುವ ಟ್ಯಾಂಕಿನ ಯೋಚನೆ, ಎದ್ದರೆ ಕಡೂರಿನಲ್ಲಿರುವ ಇಂಜಿನ್ನಿನ ಯೋಚನೆ.

ಇನ್ಶೂರೆನ್ಸ್ ಮಾಡಿಸೋಣವೆಂದು ಕಡೂರಿಗೆ ಓಂಕಾರೇಶನ ಹತ್ತಿರ ಹೋದೆ. ನಮ್ಮ ಹಾರ್ಡ್‌ವೇರ್ ಅಂಗಡಿಯ ವಿಮೆಯನ್ನು ಮೊದಲಿಂದ ಅವನೇ ನೋಡುತ್ತಿದ್ದದ್ದು. ಕಿವಿಯ ಹತ್ತಿರ ಬಂದು, "ಗಾಡಿ ಎಲ್ಲೈತೆ ಯಜಮಾನ್ರೇ?" ಎಂದ.

"ಚಾಸಿ ತರೀಕೆರೇಲಿ, ಇಂಜಿನ್ ನಿಮ್ಮೂರಲ್ಲೇ ಸಣ್ಣಬೀರಪ್ಪನ ಗ್ಯಾರೇಜಲ್ಲಿ. ಟ್ಯಾಂಕು ಅಜ್ಜಂಪುರದಾಗೆ ಷಣ್ಮುಖಪ್ಪನ ಹತ್ರ."

"ಅದು ಸಾಮಾನು ಎಲ್ಲೈತೆ ಅಂದಂಗಾಯ್ತು. ಗಾಡಿ ಎಲ್ಲೈತೆ?"

ಅವನು ತಮಾಷೆ ಮಾಡಲಿಲ್ಲ. ಓಡುವ ಗಾಡಿಗೆ ವಿಮೆ ಸುಲಭ, ಬಿಚ್ಚಿಟ್ಟ ಗಾಡಿಗೆ ಕಷ್ಟವಂತೆ. ರಸ್ತೆಗೆ ಇಳಿಯದೆ ನಿಂತ ಗಾಡಿಗೆ ಬೆಂಕಿಗೂ ಕಳ್ಳತನಕ್ಕೂ ಮಾತ್ರ ಎಂದು ಒಂದು ವಿಮೆ ಇದೆಯಂತೆ. ಅದಕ್ಕೂ ಎಲ್ಲ ಭಾಗಗಳು ಒಂದೇ ಬೀಗದೊಳಗೆ ಇರಬೇಕು, ಕಂಪನಿಯವರು ಬಂದು ನೋಡಬೇಕು. ಮುಖ್ಯವಾಗಿ ಗಾಡಿ ಬದುಕಿರುವವರ ಹೆಸರಿನಲ್ಲಿರಬೇಕು. ಆರ್‌ಸಿ ಇನ್ನೂ ಪ್ರಸನ್ನನ ಹೆಸರಿನಲ್ಲೇ ಇದೆ. ಅದನ್ನು ನಿನ್ನ ಹೆಸರಿಗೆ ಮಾಡಿಸಲು ನಿನ್ನ ಸಹಿ ಬೇಕು. ಕಾಗದಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಬೇಗ ಕಳಿಸು.

ಮಲ್ಲಿಕಾರ್ಜುನಯ್ಯ


ಯಾದಗಿರಿ
27 ಸೆಪ್ಟೆಂಬರ್ 2024

ಮಾವನವರಿಗೆ ತನುಜಾಳ ನಮಸ್ಕಾರ.

ನಿಮ್ಮ ಕಾಗದ ತಲುಪಿ ಬಹಳ ದಿನವಾಯಿತು. ಆಸ್ಪತ್ರೆಯಲ್ಲಿ ಡೆಂಗ್ಯೂ ಜ್ವರದವರು ತುಂಬಿದ್ದಾರೆ. ವಾರ್ಡಿಗೆ ನರ್ಸುಗಳು ಸಾಲದೆ ಒಬ್ಬೊಬ್ಬರೂ ಎರಡೆರಡು ಪಾಳಿ ಮಾಡುತ್ತಿದ್ದೇವೆ. ಅಮೂಲ್ಯಾಳಿಗೆ ಪರೀಕ್ಷೆ ನಡೆಯುತ್ತಿದೆ.

ಗಾಡಿಯ ಕೆಲಸ ನೀವು ಮುಂದುವರಿಸಿದ್ದು ನನಗೆ ಗೊತ್ತಿರಲಿಲ್ಲ. ಈ ವಯಸ್ಸಿನಲ್ಲಿ ಮೂರು ಊರು ಅಲೆಯಬೇಕೇ ಎಂದು ಯೋಚನೆಯಾಯಿತು. ಹಳೆಯ ಗಾಡಿಗಳನ್ನು ಇಷ್ಟಪಟ್ಟು ಕೊಳ್ಳುವವರು ಈಗ ಬಹಳ ಜನ ಇದ್ದಾರಂತೆ. ಹಾಗೆ ಯಾರಾದರೂ ಸಿಕ್ಕರೆ, ಇರುವ ಸ್ಥಿತಿಯಲ್ಲೇ ಕೊಟ್ಟುಬಿಡುವುದು ಒಳ್ಳೆಯದಲ್ಲವೇ? ನಿಮಗೂ ಓಡಾಟ ತಪ್ಪುತ್ತದೆ.

ಸಹಿಯ ವಿಷಯ ಸ್ವಲ್ಪ ನಿಧಾನವಾಗಿ ನೋಡುತ್ತೇನೆ. ಅತ್ತೆಯವರ ಮಂಡಿನೋವಿಗೆ ಬಿಸಿ ಉಪ್ಪಿನ ಶಾಖ ಕೊಡಲು ಹೇಳಿ.

ತನುಜಾ


ತರೀಕೆರೆ
9 ಅಕ್ಟೋಬರ್ 2024

ತನುಜಾ,

ಕೊಟ್ಟುಬಿಡುವ ಮಾತನ್ನು ನಾನು ಎರಡು ಸಲ ಓದಿದೆ. ನಿಮ್ಮತ್ತೆಗೆ ಆ ಸಾಲು ಓದಿ ಹೇಳಲಿಲ್ಲ.

ನೀನು ದೂರದಲ್ಲಿದ್ದೀಯ, ಗಾಡಿ ಎಷ್ಟು ಮುಂದುವರಿದಿದೆಯೆಂದು ನಿನಗೆ ಗೊತ್ತಿಲ್ಲ, ಅದಕ್ಕೆ ಹಾಗೆ ಬರೆದಿದ್ದೀಯೆ ಎಂದುಕೊಂಡಿದ್ದೇನೆ. ಇಂಜಿನ್ನಿನೊಳಗೆ ತುಕ್ಕು ಹಿಡಿದು ಪಿಸ್ಟನ್ ಕಚ್ಚಿಕೊಂಡಿತ್ತು. ಸಣ್ಣಬೀರಪ್ಪ ಡೀಸೆಲ್ಲಿನಲ್ಲಿ ನೆನೆಹಾಕಿ, ಮರದ ತುಂಡಿನಿಂದ ಮೆತ್ತಗೆ ಬಡಿದು ಬಿಡಿಸಿದ್ದಾನೆ. ಈಗ ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ.

ಎಲ್ಲವೂ ಒಂದೇ ಬೀಗದೊಳಗೆ ಇರಬೇಕು ಎಂದನಲ್ಲ ಓಂಕಾರೇಶ, ಸೋಮವಾರ ಇಂಜಿನ್ನನ್ನು ತಂದೆ. ಗೋಣಿಚೀಲಕ್ಕೆ ಹಾಕಿ ಸಣ್ಣಬೀರಪ್ಪನೇ ಬಸ್ಸಿಗೆ ಹತ್ತಿಸಿದ. ಕಂಡಕ್ಟರು ಲಗೇಜು ಚೀಟಿ ಹರಿಯುವ ಮೊದಲು ಚೀಲವನ್ನು ಕಾಲಿನಿಂದ ಒತ್ತಿ ನೋಡಿ, "ಒಳಗೆ ಏನೈತೆ ಯಜಮಾನ್ರೇ?" ಎಂದ.

"ಇಂಜಿನ್ನು."

"ಯಾವ ಗಾಡೀದು?"

"ನನ್ ಮಗನ ಗಾಡೀದು."

"ಮಗ ಯಾಕೆ ಬರ್ಲಿಲ್ಲ?" ಎಂದು ಕೇಳಿದ ಹಾಗಿತ್ತು. ನನಗೆ ಸರಿಯಾಗಿ ಕೇಳಿಸಲಿಲ್ಲ, ಕೇಳಿಸದ್ದೇ ವಾಸಿಯಾಯಿತು. ತರೀಕೆರೆಯಲ್ಲಿ ಅವನೇ ಒಂದು ಕಡೆ ಹಿಡಿದು ಇಳಿಸಿಕೊಟ್ಟ. ಈಗ ಚಾಸಿಯೂ ಇಂಜಿನ್ನೂ ಅಂಗಡಿಯ ಹಿಂದಿನ ಗೋದಾಮಿನಲ್ಲಿವೆ. ಟ್ಯಾಂಕು ಒಂದು ಬಂದರೆ ಆಯಿತು.

ಇನ್ನೊಂದು ಮಾತು. ಓಂಕಾರೇಶ ಹೇಳಿದ: ಮಗ ಸತ್ತರೆ ಅವನ ಆಸ್ತಿಯಲ್ಲಿ ತಾಯಿಗೆ ಪಾಲು ಉಂಟು, ಹೆಂಡತಿಗೆ ಉಂಟು, ಮಗುವಿಗೆ ಉಂಟು. ಅವರಿರುವಾಗ ತಂದೆಗೆ ಇಲ್ಲ. "ಬೇಜಾರ್ ಮಾಡ್ಕೋಬ್ಯಾಡಿ ಯಜಮಾನ್ರೇ, ಕಾನೂನಿನ ಪ್ರಕಾರ ನಿಮ್ಗೂ ಈ ಗಾಡಿಗೂ ಸಂಬಂಧ ಇಲ್ಲ" ಎಂದ. ನನಗೆ ಪಾಲು ಬೇಕಿರಲಿಲ್ಲ. ಆದರೂ ಬಸ್ ಸ್ಟ್ಯಾಂಡಿನವರೆಗೆ ಆ ಮಾತು ನನ್ನ ಜೊತೆಗೇ ನಡೆದು ಬಂತು. ಮನೆಗೆ ಬಂದು ನಿಮ್ಮತ್ತೆಗೆ ಹೇಳಿದರೆ, "ಹಂಗಾರೆ ಇನ್ಮೇಲೆ ಇಂಜಿನ್ ಮುಟ್ಟೋಕೆ ನನ್ನ ಕೇಳ್ರಿ" ಎಂದು ನಕ್ಕಳು.

ನಿಮ್ಮತ್ತೆ ತೀರ್ಥಮ್ಮ ತನ್ನ ಒಪ್ಪಿಗೆಯ ಸಹಿ ಹಾಕಿದ್ದಾಳೆ. ನಿನ್ನದೊಂದೇ ಬಾಕಿ. ದೀಪಾವಳಿಗೆ ಬರುವಾಗ ತಂದರೂ ಸರಿ.

ಮಲ್ಲಿಕಾರ್ಜುನಯ್ಯ


ಯಾದಗಿರಿ
3 ನವೆಂಬರ್ 2024

ಮಾವನವರಿಗೆ ನಮಸ್ಕಾರ.

ಹಬ್ಬಕ್ಕೆ ಬರಲಾಗಲಿಲ್ಲ. ರಜೆ ಸಿಗಲಿಲ್ಲವೆಂದು ಅತ್ತೆಗೆ ಹೇಳಿದ್ದೆ.

ನೀವು ಕಳಿಸಿದ ಕಾಗದಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಬಹಳ ಸಲ ಕೂತಿದ್ದೇನೆ. ನನಗೆ ಸಹಿ ಹಾಕಲಾಗುತ್ತಿಲ್ಲ. ಅಲ್ಲಿ ನನ್ನ ಹೆಸರಿನಲ್ಲಿ ಒಂದು ವಸ್ತು ಇಟ್ಟುಕೊಂಡು ಇಲ್ಲಿ ಹೇಗಿರಲಿ ಎಂದು ತಿಳಿಯುತ್ತಿಲ್ಲ. ನನ್ನ ಕಾಲ ಹೇಗೆ ಹೋಗುತ್ತದೋ, ನಾಳೆ ನಾನು ಎಲ್ಲಿರುತ್ತೇನೋ ನನಗೇ ಗೊತ್ತಿಲ್ಲ.

ಗಾಡಿಯನ್ನು ಅತ್ತೆಯವರ ಹೆಸರಿಗೆ ಮಾಡಿಸಿಬಿಡಿ. ನನ್ನ ಹಕ್ಕನ್ನೂ ಅಮೂಲ್ಯಾಳ ಹಕ್ಕನ್ನೂ ಬಿಟ್ಟುಕೊಡುತ್ತೇನೆ. ಅದಕ್ಕೆ ಎಲ್ಲಿ ಸಹಿ ಬೇಕೋ ಹೇಳಿದರೆ ಕೂಡಲೇ ಹಾಕುತ್ತೇನೆ. ಇದರಲ್ಲಿ ಬೇರೆ ಅರ್ಥವಿಲ್ಲ. ದಯವಿಟ್ಟು ತಪ್ಪು ತಿಳಿಯಬೇಡಿ.

ತನುಜಾ


ತರೀಕೆರೆ
14 ನವೆಂಬರ್ 2024

ತನುಜಾ,

ನಿನ್ನ ಕಾಗದ ಬಂತು. ಓಂಕಾರೇಶನನ್ನು ಕೇಳಿದೆ. ನಿನ್ನ ಹಕ್ಕು ನೀನು ಬಿಡಬಹುದಂತೆ. ಮಗುವಿನ ಹಕ್ಕು ಬಿಡಲು ನಿನಗೂ ಬರುವುದಿಲ್ಲ, ನನಗೂ ಬರುವುದಿಲ್ಲವಂತೆ.

ತರೀಕೆರೆಯ ಒಂದು ವಸ್ತುವೂ ಬೇಡವೆನ್ನುವಷ್ಟು ನಿನಗೆ ಇಲ್ಲಿ ಏನು ಕಡಿಮೆಯಾಯಿತೋ ತಿಳಿಯದು. ಸದ್ಯಕ್ಕೆ ಎಲ್ಲವನ್ನೂ ನಿಲ್ಲಿಸಿದ್ದೇನೆ. ಗೋದಾಮಿಗೆ ಬೀಗ ಹಾಕಿದೆ.

ಮಲ್ಲಿಕಾರ್ಜುನಯ್ಯ


ತರೀಕೆರೆ
2 ಡಿಸೆಂಬರ್ 2024

ತನುಜಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ, ಪೆನ್ನು ಸರಿಯಿಲ್ಲ.

ಟ್ಯಾಂಕು ಹೋಯಿತು. ಷಣ್ಮುಖಪ್ಪ ಅಂಗಡಿಯ ಜಾಗ ಖಾಲಿ ಮಾಡಬೇಕಾಗಿ ಬಂದು, ಸಾಮಾನನ್ನೆಲ್ಲ ಮಿನಿ ಲಾರಿಗೆ ತುಂಬಿಸಿದ್ದಾನೆ. ತಗ್ಗು ತೆಗೆದು, ತುಕ್ಕು ಉಜ್ಜಿ, ಬಣ್ಣಕ್ಕೆ ಸಿದ್ಧ ಮಾಡಿದ್ದ ಟ್ಯಾಂಕು ಬರಿಯ ತಗಡಿನಂತೆ ಕಾಣುತ್ತಿತ್ತಂತೆ. ಹೊರಲು ಬಂದವರು ಅದನ್ನು ಗುಜರಿಯ ರಾಶಿಗೆ ಹಾಕಿದ್ದಾರೆ. ಷಣ್ಮುಖಪ್ಪ ನನ್ನ ಕೈ ಹಿಡಿದುಕೊಂಡು, "ದೀಪಾವಳಿ ಕಳೆದ್ ಮೇಲೆ ಒಯ್ತೀನಿ ಅಂದಿದ್ರಲ್ಲ ಅಣ್ಣ, ಯಾಕೆ ಬರ್ಲಿಲ್ಲ?" ಎಂದ. ನನ್ನ ಹತ್ತಿರ ಉತ್ತರವಿರಲಿಲ್ಲ.

ಅಜ್ಜಂಪುರದ ಗುಜರಿಯಲ್ಲಿ ಹುಡುಕಿದೆ. ಅಲ್ಲಿಂದ ಕಡೂರಿಗೆ ಹೋಗಿದೆ ಎಂದರು, ಕಡೂರಿನಲ್ಲಿ ಬೀರೂರಿಗೆ ಎಂದರು. ಜಾವಾದ ಟ್ಯಾಂಕು ಎಂದರೆ ಹೊಸ ಹುಡುಗರಿಗೆ ಗೊತ್ತಾಗುವುದಿಲ್ಲ. ಮಣ್ಣಿನಲ್ಲಿ ಚಿತ್ರ ಬರೆದು ತೋರಿಸಿದೆ. ಎಲ್ಲೂ ಸಿಗಲಿಲ್ಲ. ವಿಮೆ ಇದ್ದಿದ್ದರೂ ಟ್ಯಾಂಕು ವಾಪಸು ಬರುತ್ತಿರಲಿಲ್ಲ ಬಿಡು. ಪ್ರಸನ್ನ ತಾನೇ ಅಜ್ಜಂಪುರಕ್ಕೆ ಮಡಿಲಲ್ಲಿ ಇಟ್ಟುಕೊಂಡು ಹೋಗಿ ಕೊಟ್ಟು ಬಂದಿದ್ದ ವಸ್ತು, ಅದಕ್ಕೆ ಬರೆದೆ.

ಬೇರೆ ವಿಶೇಷವಿಲ್ಲ. ಕೈ ಸ್ವಲ್ಪ ಉಳುಕಿದೆ.

ಮಲ್ಲಿಕಾರ್ಜುನಯ್ಯ


ಯಾದಗಿರಿ
12 ಡಿಸೆಂಬರ್ 2024

ಮಾವ,

ಪೆನ್ನು ಸರಿಯಿದೆ. ನಿಮ್ಮ ಬಲಗೈ ಮುರಿದಿದೆ, ನೀವು ಎಡಗೈಯಲ್ಲಿ ಬರೆದಿದ್ದೀರಿ. ಮೊನ್ನೆ ಅಮೂಲ್ಯಾ ವಿಡಿಯೋ ಕರೆ ಮಾಡಿದಾಗ ಅತ್ತೆಯವರ ಹಿಂದೆ ನೀವು ಹಾದುಹೋದಿರಿ. ಕೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ಕಟ್ಟಿಕೊಂಡಿದ್ದಿರಿ. ಕೇಳಿದರೆ ಅತ್ತೆ ಅತ್ತುಬಿಟ್ಟರು. ಬೀರೂರಿನ ಗುಜರಿಯ ಮುಂದೆ ರಸ್ತೆ ದಾಟುವಾಗ ಬೈಕಿನವನು ಹಾರ್ನ್ ಹೊಡೆದದ್ದು ನಿಮಗೆ ಕೇಳಿಸಲಿಲ್ಲವಂತೆ. ಬಿದ್ದಲ್ಲಿಂದ ಎದ್ದು, ಆ ಕೈಯಲ್ಲೇ ಇನ್ನೊಂದು ಗುಜರಿಗೆ ಹೋಗಿದ್ದಿರಂತೆ. ನಾನು ನರ್ಸು ಮಾವ. ಉಳುಕಿಗೂ ಮುರಿತಕ್ಕೂ ವ್ಯತ್ಯಾಸ ನನಗೆ ಗೊತ್ತಿಲ್ಲವೇ?

ಟ್ಯಾಂಕು ತರಲು ನೀವು ಹೋದ ತಿಂಗಳು ಯಾಕೆ ಹೋಗಲಿಲ್ಲ ಎಂಬುದಕ್ಕೆ ಉತ್ತರ ನನ್ನ ಹತ್ತಿರ ಇದೆ. ನನ್ನ ಕಾಗದ ಓದಿ ಗೋದಾಮಿಗೆ ಬೀಗ ಹಾಕಿದಿರಿ. ಅದಕ್ಕೇ ಹೋಗಲಿಲ್ಲ. ಅದನ್ನು ಬರೆಯದೆ ನೀವು ನನ್ನನ್ನು ಉಳಿಸಿದಿರಿ. ಇನ್ನು ನಾನೂ ಬಚ್ಚಿಡುವುದಿಲ್ಲ.

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಶಶಿಧರ ಅಂತ ಇದ್ದಾರೆ. ಅಂತರಘಟ್ಟೆ ಕಡೆಯವರು, ಚಿಕ್ಕಬೀರಪ್ಪನವರ ಮಗ. ನಾವಿಬ್ಬರೂ ಮದುವೆಯಾಗಬೇಕೆಂದಿದ್ದೇವೆ. ಮಾರ್ಚಿನಲ್ಲಿ, ರಿಜಿಸ್ಟ್ರಾರ್ ಆಫೀಸಿನಲ್ಲಿ. ಅವರದು ಹಾಲುಮತ, ನಮ್ಮದು ಬೇರೆ. ಹೊಸದುರ್ಗದ ನನ್ನ ಅಣ್ಣ ಇದನ್ನು ಕೇಳಿ ಫೋನ್ ಇಟ್ಟವನು ಮತ್ತೆ ಎತ್ತಿಲ್ಲ. ದೀಪಾವಳಿಗೆ ರಜೆ ಇತ್ತು. ನಿಮ್ಮ ಎದುರು ಕೂತು ಊಟ ಮಾಡಿ, ಹೇಳದೆ ವಾಪಸು ಬರುವ ಧೈರ್ಯ ಇರಲಿಲ್ಲ. ಅತ್ತೆಗೆ ಫೋನಿನಲ್ಲಿ ಹೇಳೋಣವೆಂದರೆ ಅವರು ಯಾವಾಗಲೂ ಸ್ಪೀಕರ್ ಹಾಕಿರುತ್ತಾರೆ, ಪಕ್ಕದ ಮನೆಯವರೂ ಕೂತಿರುತ್ತಾರೆ.

ನಿಮ್ಮ ಸಹಿಯ ಕಾಗದ ಬಂದಾಗ ನನಗೆ ಬೇರೆಯೇ ಅರ್ಥವಾಯಿತು. ನೀವು ನನ್ನನ್ನು ಆ ಮನೆಯ ಸೊಸೆಯಾಗಿಯೇ ಕಟ್ಟಿಹಾಕಲು ಗಾಡಿಯನ್ನು ನನ್ನ ಹೆಸರಿಗೆ ಮಾಡುತ್ತಿದ್ದೀರಿ ಎಂದುಕೊಂಡೆ. ಪ್ರಸನ್ನ ಅವರ ಗಾಡಿ ನನ್ನ ಹೆಸರಿನಲ್ಲಿ ಇಟ್ಟುಕೊಂಡು ಇನ್ನೊಬ್ಬರ ಮನೆಗೆ ಹೇಗೆ ಹೋಗಲಿ ಮಾವ? ಬಿಟ್ಟುಕೊಟ್ಟರೆ ನಿಮಗೆ ನೋವು, ಇಟ್ಟುಕೊಂಡರೆ ಅದು ಸುಳ್ಳು. ಹೀಗೆ ಮೂರು ತಿಂಗಳು ಕಳೆದೆ. ಕೊನೆಗೆ ಶಶಿಧರ ನಿಮ್ಮ ಬಸ್ಸಿನ ಕಥೆ ಇದ್ದ ಕಾಗದ ಓದಿ, "ಆ ಯಜಮಾನ್ರು ಬಸ್ನಾಗೆ ಇಂಜಿನ್ ಹೊತ್ಕೊಂಡು ತಿರುಗ್ತಾ ಅವ್ರೆ. ನೀನು ಪೆನ್ ಎತ್ತೋಕೆ ಇಷ್ಟು ಕಷ್ಟಪಡ್ತೀಯಲ್ಲ ಮಾರಾಯ್ತಿ, ಮೊದ್ಲು ಅವ್ರಿಗೆ ನಿಜ ಬರಿ" ಎಂದರು.

ಬರೆದಿದ್ದೇನೆ. ನೀವು ಏನು ಹೇಳಿದರೂ ಕೇಳುತ್ತೇನೆ, ಮದುವೆ ಬೇಡವೆನ್ನುವುದೊಂದನ್ನು ಬಿಟ್ಟು. ಕೈಯನ್ನು ಎದೆಗಿಂತ ಕೆಳಗೆ ಇಳಿಬಿಡಬೇಡಿ, ಬಾವು ಬರುತ್ತದೆ.

ತನುಜಾ


ತರೀಕೆರೆ
19 ಜನವರಿ 2025

ತನುಜಾ,

ಇಷ್ಟು ದಿನ ಉತ್ತರ ಬರೆಯದ್ದಕ್ಕೆ ಕೈ ಕಾರಣವಲ್ಲ.

ನಿನ್ನ ಕಾಗದ ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡೆ. ನಿಮ್ಮತ್ತೆಗೆ ತೋರಿಸಲಿಲ್ಲ. ಮನೆಯಲ್ಲಿ ಕೂರಲಾಗಲಿಲ್ಲ, ಗೋದಾಮಿನಲ್ಲಿ ನಿಲ್ಲಲಾಗಲಿಲ್ಲ. ಬೆಳಿಗ್ಗೆ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ, ಯಾವ ಬಸ್ಸೂ ಹತ್ತದೆ ವಾಪಸು ಬರುತ್ತಿದ್ದೆ. ಕೋಪ ಬಂತೇ ಎಂದು ನೀನು ಕೇಳಿದರೆ, ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಸಂಕ್ರಾಂತಿಗೆ ಮುಂಚೆ ಒಂದು ದಿನ, ಟ್ಯಾಂಕು ಹುಡುಕಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಅಜ್ಜಂಪುರದ ಬಸ್ಸು ಹತ್ತಿದೆ. ಅಲ್ಲಿಂದ ಅಂತರಘಟ್ಟೆಗೆ ಹೋದೆ. ಅಲ್ಲಿ ಚಿಕ್ಕಬೀರಪ್ಪನ ಮನೆ ಯಾವುದೆಂದು ಕೇಳಿದೆ. ನೋಡಿ ಬರಬೇಕು ಅನ್ನಿಸಿತ್ತು. ನೋಡಿ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಇದನ್ನೂ ಹೇಳಿಬಿಡುತ್ತೇನೆ: ಅಮೂಲ್ಯಾಳನ್ನು ತರೀಕೆರೆಗೆ ಕರೆದುಕೊಂಡು ಬಂದು ನಾವೇ ಸಾಕಿಕೊಂಡರೆ ಎಂಬ ಯೋಚನೆ ಆ ಬಸ್ಸಿನಲ್ಲಿ ಬಂದಿತ್ತು.

ಗಂಡ ಹೆಂಡತಿ ಇಬ್ಬರೂ ಕಣದಲ್ಲಿ ರಾಗಿ ತೂರುತ್ತಿದ್ದರು. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಬಿಸಿಲಲ್ಲಿ ಬಂದ ಮುದುಕನನ್ನು ಕಂಡು ಚಿಕ್ಕಬೀರಪ್ಪ ಮೊರ ಕೆಳಗಿಟ್ಟ. ಯಾರು ಏನು ಎಂದು ಕೇಳಿದ. ನನ್ನ ಬಾಯಿಗೆ ಬಂದದ್ದು ಒಂದೇ: "ಹಳೇ ಗಾಡೀದು ಟ್ಯಾಂಕು ಹುಡುಕ್ತಾ ಇದೀನಿ. ತರೀಕೆರೆಯಿಂದ ಬಂದೆ."

"ಕೈ ಮುರ್ಕೊಂಡು ಟ್ಯಾಂಕ್ ಹುಡ್ಕೋಕೆ ಬಂದಿದೀರಾ?" ಎಂದು ಅವನು ಕಿವಿಯ ಹತ್ತಿರ ಬಂದು ಕೂಗಿ, ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿದ. ಅವನ ಹೆಂಡತಿ ಅಂಬಮ್ಮ ಮಜ್ಜಿಗೆ ಕೊಟ್ಟಳು. ನಾನು ಕುಡಿದು ಮುಗಿಸುವವರೆಗೆ ಎದುರೇ ನಿಂತಿದ್ದಳು. ಆಮೇಲೆ ಎಡಗಿವಿಗೆ ಬಾಗಿ ಕೇಳಿದಳು.

"ತರೀಕೆರೇಲಿ ಹಾರ್ಡ್‌ವೇರ್ ಅಂಗಡಿ ಮಲ್ಲಿಕಾರ್ಜುನಯ್ಯ ಅಂತ ಅವ್ರಂತಲ್ಲ, ಗೊತ್ತಾ ನಿಮ್ಗೆ? ಎಂಥಾ ಜನ?"

ನನಗೆ ಲೋಟ ಕೆಳಗಿಡುವುದೂ ಮರೆತುಹೋಯಿತು. "ಯಾಕೆ ಕೇಳ್ತೀಯಮ್ಮ?" ಎಂದೆ.

"ಅವ್ರ ಸೊಸೇನ ನಮ್ ಹುಡುಗ ಮದ್ವೆ ಆಗ್ತೀನಿ ಅಂತ ಕೂತವ್ನೆ. ಜಾತಿ ಬ್ಯಾರೆ ಅಂದ್ರೆ ಅದೊಂದು ಮಾತು, ಹೊಂದ್ಕೊಂಡು ಹೋಗ್ಬೋದು. ಆದ್ರೆ ಮಗೀಗೆ ನಮ್ ಹುಡುಗ ಈಗ್ಲೇ ಪ್ರಾಣ ಬಿಡ್ತಾನೆ. ನಾಳೆ ಆ ತಾತ ದುಡ್ಡಿರೋ ಮನುಷ್ಯ, ಲಾಯರ್ ಇಟ್ಕೊಂಡು ಬಂದು ಮಗೀನ ಕರ್ಕೊಂಡು ಹೋದ್ರೆ? ಆಗ ಇವ್ನ ಗತಿ ಏನು? ಅದಕ್ಕೇ ನಾನು ಇನ್ನೂ ಹೂಂ ಅಂದಿಲ್ಲ."

ತನುಜಾ, ನಾನು ಬಸ್ಸಿನಲ್ಲಿ ಯೋಚಿಸಿದ್ದನ್ನೇ ಆ ಹೆಂಗಸು ಕಣದಲ್ಲಿ ನಿಂತು ಹೇಳಿಬಿಟ್ಟಳು.

"ತಾತನ ಮಾತು ಬಿಡು. ಹುಡುಗಿ ಎಂಥೋಳು ಅಂತ ಕೇಳು, ಹೇಳ್ತೀನಿ" ಎಂದೆ. ಆಮೇಲೆ ಏನೇನು ಹೇಳಿದೆನೋ ಎಲ್ಲ ನೆನಪಿಲ್ಲ. ನೀನು ಮಾಸ್ಕು, ಗೌನು ಹಾಕಿಕೊಂಡು ಪ್ರಸನ್ನ ಮಲಗಿದ್ದ ವಾರ್ಡಿನಲ್ಲೇ ಬೇರೆಯವರ ಗಂಡಂದಿರಿಗೆ ಆಕ್ಸಿಜನ್ ಹಾಕುತ್ತಿದ್ದದ್ದು ಹೇಳಿದೆ. ಅವನ ಕಾರ್ಯ ಮುಗಿದ ಮೇಲೆ, ಬೇಡವೆಂದರೂ ಕೇಳದೆ, ಅದೇ ವಾರ್ಡಿಗೆ ಡ್ಯೂಟಿಗೆ ಹೋದದ್ದು ಹೇಳಿದೆ. ನಿಮ್ಮತ್ತೆ ಊಟ ಬಿಟ್ಟಾಗ ಅವಳ ಎದುರು ನೀನೂ ತಟ್ಟೆ ಮುಟ್ಟದೆ ಕೂತದ್ದು ಹೇಳಿದೆ. ಅಂಬಮ್ಮ ಸೆರಗಿನ ತುದಿ ಬಾಯಿಗೆ ಇಟ್ಟುಕೊಂಡಳು.

"ಇಷ್ಟೆಲ್ಲ ಹೆಂಗೆ ಗೊತ್ತು ನಿಮ್ಗೆ?" ಎಂದು ಚಿಕ್ಕಬೀರಪ್ಪ ಕೇಳಿದ.

"ಆ ಮಲ್ಲಿಕಾರ್ಜುನಯ್ಯ ನಾನೇ ಕಣಪ್ಪ" ಎಂದೆ. "ಮಗೀನ ಯಾರೂ ಕರ್ಕೊಂಡು ಹೋಗಲ್ಲ. ರಜಕ್ಕೆ ಕಳಿಸಿಕೊಟ್ರೆ ಸಾಕು."

ಆಮೇಲೆ ಅಂಬಮ್ಮ ಒಳಗೆ ಹೋಗಿ, ನಾನು ಕೂತಿದ್ದ ಗೋಣಿತಾಟನ್ನು ತೆಗೆಸಿ ಚಾಪೆ ಹಾಕಿದಳು. ಊಟ ಮಾಡಿಯೇ ಹೋಗಬೇಕೆಂದಳು. ಎಡಗೈಯಲ್ಲಿ ಮುದ್ದೆ ಮುರಿಯಲಾಗದೆ ಒದ್ದಾಡುತ್ತಿದ್ದಾಗ ಚಿಕ್ಕಬೀರಪ್ಪ ಅದನ್ನು ತುಂಡು ತುಂಡು ಮಾಡಿ ಸಾರಿಗೆ ಹಾಕಿಕೊಟ್ಟ. ಸಂಜೆಯ ಬಸ್ಸಿಗೆ ಹತ್ತಿಸಲು ಬಂದವನು, ಅಜ್ಜಂಪುರದವರೆಗೂ ಜೊತೆಗೇ ಬಂದು ಇನ್ನೊಂದು ಗುಜರಿ ತೋರಿಸಿದ. ಟ್ಯಾಂಕು ಅಲ್ಲೂ ಇರಲಿಲ್ಲ.

ಮನೆಗೆ ಬಂದು ನಿಮ್ಮತ್ತೆಗೆ ಎಲ್ಲವನ್ನೂ ಹೇಳಿದೆ. ಅವಳು, "ನಂಗೆ ಶ್ರಾವಣದಾಗೇ ಗೊತ್ತಿತ್ತು. ಫೋನ್ನಾಗೆ ಅಮೂಲ್ಯಾ ಪ್ರತಿ ಸಲ ಶಶಿ ಅಂಕಲ್, ಶಶಿ ಅಂಕಲ್ ಅಂತಾಳೆ. ನಿಮ್ಗೆ ಕೇಳ್ಸಲ್ಲ ಅಷ್ಟೇ" ಎಂದಳು.

ಇನ್ನು ಸಹಿಯ ವಿಷಯ. ಕಟ್ಟಿಹಾಕಲು ಕೇಳಿದ್ದಲ್ಲ. ಬೆಂಕಿಗೆ ಹೆದರಿ ಕೇಳಿದ್ದು. ನೀನು ಯಾರ ಮನೆಯಲ್ಲಿದ್ದರೂ ಆ ಗಾಡಿ ನಿನ್ನದು, ಮಗುವಿನದು. ಇಟ್ಟುಕೊಳ್ಳುವುದೂ ಮಾರುವುದೂ ನಿನ್ನ ಇಷ್ಟ. ಮಾರುವುದಾದರೆ ಪೂರ್ತಿ ಜೋಡಿಸಿ ಒಂದು ಸಲ ಶಬ್ದ ಮಾಡಿಸಿದ ಮೇಲೆ ಮಾರು, ಅಷ್ಟೇ ನನ್ನ ಕೋರಿಕೆ. ನನಗೆ ಕೇಳಿಸದಿದ್ದರೆ ಸೀಟಿನ ಮೇಲೆ ಕೈ ಇಟ್ಟು ನೋಡುತ್ತೇನೆ.

ಮಲ್ಲಿಕಾರ್ಜುನಯ್ಯ


ಯಾದಗಿರಿ
30 ಜನವರಿ 2025

ಮಾವ,

ಸಹಿ ಹಾಕಿದ ಕಾಗದಗಳು ಇದರ ಜೊತೆಗಿವೆ. ಮೂರು ಕಡೆ ಹಾಕಬೇಕಿತ್ತು, ನೋಡಿ ಹಾಕಿದ್ದೇನೆ. ಅಮೂಲ್ಯಾಳ ಪರವಾಗಿ ತಾಯಿಯೆಂದು ನಾನೇ ಹಾಕಿದ್ದೇನೆ, ಅವಳ ಹಕ್ಕು ಹಾಗೇ ಇರುತ್ತದೆ.

ನಿಮ್ಮ ಕಾಗದವನ್ನು ಡ್ಯೂಟಿ ರೂಮಿನಲ್ಲಿ ಓದಿದೆ. ಜೊತೆಯವರು ಯಾರಿಗೆ ಏನಾಯಿತು ಎಂದು ಗಾಬರಿಯಾಗಿ ಬಂದರು. ಯಾರಿಗೂ ಏನೂ ಆಗಿಲ್ಲವೆಂದು ಹೇಳಬೇಕಾಯಿತು.

ಶಶಿಧರ ಅವರ ತಾಯಿ ಮೊದಲ ಸಲ ನನಗೇ ಫೋನ್ ಮಾಡಿದ್ದರು. "ನಿಮ್ ಮಾವ ಬಂದು ನಿನ್ನ ವಕೀಲಿಕೆ ಮಾಡಿ ಹೋದ್ರು ಕಣವ್ವ" ಎಂದರು. ಮಾರ್ಚ್ ಐದಕ್ಕೆ ರಿಜಿಸ್ಟ್ರೇಷನ್. ಮೂರು ಜನ ಸಾಕ್ಷಿ ಬೇಕು. ಆಸ್ಪತ್ರೆಯ ಇಬ್ಬರು ಒಪ್ಪಿದ್ದಾರೆ. ಮೂರನೆಯದು ಅಣ್ಣನೇ ಆಗಬೇಕೆಂದಿದ್ದೆ, ಅವನು ಬರುವುದಿಲ್ಲ. ಬೇರೆ ಯಾರನ್ನಾದರೂ ಕೇಳುತ್ತೇನೆ. ನಿಮ್ಮ ಕೈ ಪೂರ್ತಿ ವಾಸಿಯಾಗದೆ ದೂರದ ಪ್ರಯಾಣ ಬೇಡ. ಅದಕ್ಕೆ ಬನ್ನಿ ಎಂದು ಕರೆಯುತ್ತಿಲ್ಲ.

ತನುಜಾ


ತರೀಕೆರೆ
16 ಮಾರ್ಚ್ 2025

ತನುಜಾ,

ನಾವು ನಾಲ್ವರೂ ಸುಖವಾಗಿ ಊರು ಸೇರಿದೆವು. ಬೀರೂರಿನಲ್ಲಿ ಇಳಿದಾಗ ತೀರ್ಥಮ್ಮನೂ ಅಂಬಮ್ಮನೂ ಇನ್ನೂ ಮಾತು ಮುಗಿಸಿರಲಿಲ್ಲ. ಕರೆಯದೆ ಬಂದೆವೆಂದು ನೀನು ಬಾಗಿಲಲ್ಲಿ ನಿಂತು ಅತ್ತದ್ದು ನಿಮ್ಮತ್ತೆಗೆ ಈಗಲೂ ಹೇಳಿಕೊಳ್ಳುವ ವಿಷಯ. ರಿಜಿಸ್ಟ್ರಾರ್ ಪುಸ್ತಕದಲ್ಲಿ ಮೂರನೇ ಸಾಕ್ಷಿಯಾಗಿ ಹಾಕಿದ ನನ್ನ ಸಹಿ ಸ್ವಲ್ಪ ಸೊಟ್ಟಗಿದೆ, ಪ್ಲಾಸ್ಟರ್ ಬಿಚ್ಚಿ ಬಹಳ ದಿನ ಆಗಿರಲಿಲ್ಲ.

ಗಾಡಿಯ ಸಮಾಚಾರ: ಆರ್‌ಸಿ ನಿನ್ನ ಹೆಸರಿಗೆ ಬಂತು. ಮೊನ್ನೆ ಕಂಪನಿಯವರು ಬಂದರು. ಗೋದಾಮಿನ ನೆಲದ ಮೇಲೆ ಟಾರ್ಪಾಲು ಹಾಸಿ, ಗಾಡಿ ನಿಂತರೆ ಹೇಗಿರುತ್ತದೋ ಅದೇ ಕ್ರಮದಲ್ಲಿ ಎಲ್ಲವನ್ನೂ ಜೋಡಿಸಿಟ್ಟಿದ್ದೆ. ಮುಂದೆ ಹ್ಯಾಂಡಲ್ಲು, ನಡುವೆ ಚಾಸಿ, ಇಂಜಿನ್ನು, ಹಿಂದೆ ಮಡ್‌ಗಾರ್ಡು. ಟ್ಯಾಂಕಿನ ಜಾಗ ಖಾಲಿ. ಬಂದ ಹುಡುಗಿ ಪ್ರಜ್ಞಾ ಅಂತ, ನಿನಗಿಂತ ಚಿಕ್ಕವಳು. ಚಾಸಿಯ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡಳು. ಇಂಜಿನ್ನಿನದೂ ಹಾಗೆಯೇ. ಟ್ಯಾಂಕು ಇಲ್ಲವೆಂದು ಬರೆದುಕೊಂಡಳು. ಒಂದು ವರ್ಷಕ್ಕೆ, ಬೆಂಕಿಗೂ ಕಳ್ಳತನಕ್ಕೂ, ಟ್ಯಾಂಕು ಬಿಟ್ಟು ಉಳಿದದ್ದಕ್ಕೆಲ್ಲ ಪಾಲಿಸಿ ಬಂದಿದೆ. ನಿನ್ನ ಪ್ರತಿ ಇದರಲ್ಲಿದೆ.

ಇಷ್ಟಾದ ಮೇಲೆ ನಾನು ನೆಮ್ಮದಿಯಾಗಿ ಇರಬೇಕಿತ್ತು. ಆದರೂ ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟುತ್ತೇನೆ. ಎಲ್ಲಿಗೆ ಎಂದು ನಿಮ್ಮತ್ತೆ ಕೇಳಿದರೆ ಮತ್ತೆ ಬಿಚ್ಚಿಡುತ್ತೇನೆ. ಸಾಮಾನು ಮೂರು ಊರಲ್ಲಿದ್ದಾಗ ಹೋಗಲು ಮೂರು ಊರಿತ್ತು. ಸಣ್ಣಬೀರಪ್ಪ ಯುಗಾದಿ ಕಳೆದ ಮೇಲೆ ಗೋದಾಮಿಗೇ ಬಂದು ಇಂಜಿನ್ ಕೂರಿಸುತ್ತಾನಂತೆ. ಅಲ್ಲಿಯವರೆಗೆ ತಡೆಯಬೇಕು.

ನೀನೂ ಶಶಿಧರನೂ ನಮ್ಮ ಬೋಗಿ ಎಲ್ಲಿ ನಿಲ್ಲುತ್ತದೆಂದು ನೋಡಲು ಹೋಗಿದ್ದಿರಲ್ಲ, ಯಾದಗಿರಿ ಸ್ಟೇಷನ್ನಿನಲ್ಲಿ, ಆಗ ನಡೆದದ್ದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಅಮೂಲ್ಯಾ ನನ್ನ ಪಕ್ಕ ಬಂದು ಕೂತು, ಎಡಗಿವಿಗೆ ಬಾಯಿಟ್ಟು, "ತಾತ, ಶಶಿ ಅಂಕಲ್‌ಗೆ ಅಪ್ಪ ಅಂದ್ರೆ ನಿಂಗೆ ಬೇಜಾರಾಗುತ್ತಾ?" ಎಂದಳು.

"ಏನಂದೆ? ಕೇಳಿಸ್ಲಿಲ್ಲ" ಎಂದೆ.

ಅವಳು ಬೆಂಚಿನ ಮೇಲೆ ಹತ್ತಿ ನಿಂತು, ಎರಡೂ ಕೈಯನ್ನು ನನ್ನ ಕಿವಿಯ ಸುತ್ತ ಹಿಡಿದು, ಅದನ್ನೇ ಗಟ್ಟಿಯಾಗಿ ಕೂಗಿದಳು. ಪ್ಲಾಟ್‌ಫಾರ್ಮಿನ ಜನ ತಿರುಗಿ ನೋಡಿದರು. ತೀರ್ಥಮ್ಮ ಬುತ್ತಿಯ ಗಂಟು ಕಟ್ಟುವುದನ್ನು ನಿಲ್ಲಿಸಿದಳು. ಚಿಕ್ಕಬೀರಪ್ಪ ಹಳಿಯ ಕಡೆ ನೋಡುತ್ತ ಕೂತ.

"ಇಲ್ಲ ಕಣೇ" ಎಂದೆ. "ಹೋಗು, ಕರಿ."

ಅವಳು ಬೆಂಚಿನಿಂದ ಹಾರಿ ನಿಮ್ಮ ಕಡೆ ಓಡಿದಳು.

ಮೊದಲ ಸಲ ಹೇಳಿದ್ದೇ ನನಗೆ ಚೆನ್ನಾಗಿ ಕೇಳಿಸಿತ್ತು, ತನುಜಾ.

ಮಲ್ಲಿಕಾರ್ಜುನಯ್ಯ